ಅಣುವಿನ ಲೆಕ್ಕದ ಅತ್ತರು

ಕಾಲೇಜಿನಲ್ಲಿ ಕಲಿಸುವುದನ್ನು ಮನೆಯೊಳಗೆ ತರಬಾರದೆಂಬ ವಿವೇಕ ಉಳಿದ ಮೇಷ್ಟ್ರುಗಳಿಗೆ ಇರುತ್ತದೆ; ನನಗಿಲ್ಲ. ನಾನು ಹಾನಗಲ್ಲಿನಲ್ಲಿ ರಸಾಯನಶಾಸ್ತ್ರ ಹೇಳುವವನು. ನನ್ನ ಹೆಂಡತಿ ಗಿರಿಜಾಳಿಗೆ ಸುವಾಸನೆ ಎಂದರೆ ತಲೆನೋವು. ಊದುಬತ್ತಿಯನ್ನೂ ಅಂಗಳದಲ್ಲೇ ಹಚ್ಚುತ್ತಾಳೆ. ಹೀಗಿರುವಾಗ ಹಿರೇಕೆರೂರಿನಲ್ಲಿ ಅವಳ ತಮ್ಮನ ಮದುವೆ ಗೊತ್ತಾಗಿ, ಬಾಗಿಲಲ್ಲಿ ನಿಂತು ಬೀಗರ ಕೈಗೆ ಅತ್ತರು ಹಚ್ಚುವ ಮಾನ ಅಕ್ಕನಾದ ಅವಳ ಪಾಲಿಗೆ ಬಂತು.

"ತಲಿ ಒಡದ್ರೂ ಅಡ್ಡಿಯಿಲ್ಲ, ನಾನ ನಿಂದ್ರಾಕಿ," ಎಂದಳು.

"ತಲಿ ನೋಯಿಸದಂಥ ಅತ್ತರ ನಾ ಹುಡುಕ್ತೇನಿ," ಎಂದೆ. ಹಠದಲ್ಲಿ ನಾನೇನು ಕಡಿಮೆ?

ಸವಣೂರಿನ ಅತ್ತರಿನಂಗಡಿಯ ರಸೂಲ್‌ಸಾಬರು ಶೀಶೆಗಳನ್ನು ಮುಂದಿಟ್ಟು, "ಮೂಸಿ ನೋಡ್ರಿ ಸರ," ಎಂದರು. ನಾನು ಮೂಸಲಿಲ್ಲ. ಒಂದೊಂದರಲ್ಲೂ ಇರುವ ಮುಖ್ಯ ರಾಸಾಯನಿಕದ ಹೆಸರು ಕೇಳಿ, ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅಣುಗಳ ಚಿತ್ರ ಬರೆದೆ. ಅಣುವಿನ ರಚನೆ ಗೊತ್ತಿದ್ದರೆ ಅದರ ಒಂದೊಂದು ತುಣುಕಿಗೂ ಇಷ್ಟಿಷ್ಟು ಎಂದು ಕೂಡಿ ಕುದಿಬಿಂದುವನ್ನೂ, ಅದರಿಂದ ಆವಿಯ ಒತ್ತಡವನ್ನೂ ಅಂದಾಜು ಮಾಡಬಹುದು. ದ್ರವಕ್ಕೆ ಗಾಳಿಗೆ ಹಾರುವ ಉಮೇದು ಎಷ್ಟಿದೆ ಎಂಬುದರ ಅಳತೆ ಅದು. ಹಾರದ್ದು ಮೂಗಿಗೆ ಬಾರದು, ಮೂಗಿಗೆ ಬಾರದ್ದು ತಲೆಗೆ ಏರದು ಎಂಬುದು ನನ್ನ ತರ್ಕ.

"ಗಣಿತಾ ಮಾಡಿ ಅತ್ತರ ತಗೊಂಡೋರನ್ನ ನಾ ಕಂಡಿಲ್ರಿ ಸರ," ಎಂದು ಸಾಬರು ಚಹಾ ತರಿಸಿದರು.

ಕೊನೆಗೆ ಕಸ್ತೂರಿ ವಾಸನೆಯ ಒಂದು ಭಾರವಾದ ಅಣು ಗೆದ್ದಿತು. "ಇದು ಕುಂತ ಜಾಗಾ ಬಿಟ್ಟು ಏಳೂದಿಲ್ಲ," ಎಂದು ಶೀಶೆ ಕಟ್ಟಿಸಿಕೊಂಡೆ.

ಮದುವೆಯ ದಿನ ಅದು ಗಾಳಿಗೆ ಎದ್ದದ್ದು ನನ್ನ ಲೆಕ್ಕದಂತೆ ತೀರ ಕಡಿಮೆಯೇ ಇರಬೇಕು. ಆದರೆ ಈ ವಾಸನೆ ಹಿಡಿಯಲು ಮೂಗಿಗೆ ಅಷ್ಟು ಚೂರೇ ಧಾರಾಳವಾಯಿತು. ಆವಿಯನ್ನು ಅಂದಾಜು ಮಾಡಿದ ನಾನು ಮೂಗನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಗಿರಿಜಾ ಹಣೆಗೆ ಒದ್ದೆ ಕರವಸ್ತ್ರ ಬಿಗಿದುಕೊಂಡು, ಕಟ್ಟಕಡೆಯ ಬೀಗರ ಕೈಗೆ ಅತ್ತರು ಹಚ್ಚುವ ತನಕ ನಗುತ್ತಲೇ ನಿಂತಳು. ಬೀಗರು ಆ ಹಣೆಪಟ್ಟಿಯನ್ನು ನಮ್ಮ ಕಡೆಯ ಪದ್ಧತಿ ಎಂದುಕೊಂಡು ಹೊಗಳಿದರು.

ಬೇರೆ ಅತ್ತರಾಗಿದ್ದರೆ ಸಂಜೆಯೊಳಗೆ ಹಾರಿಹೋಗುತ್ತಿತ್ತು. ನಾನು ಆರಿಸಿದ್ದು ಮಾತ್ರ ಅವಳ ಸೀರೆ, ಬಳೆ, ಕೊನೆಗೆ ನಮ್ಮ ದಿಂಬನ್ನೂ ಹಿಡಿದು ಹಾನಗಲ್ಲಿನಲ್ಲಿ ಕುಳಿತೇಬಿಟ್ಟಿತು. ಸೀರೆಯನ್ನು ಮತ್ತೊಮ್ಮೆ ಒಗೆದು ಹಿಂಡುತ್ತ ಅವಳೆಂದಳು: "ಇದು ಯಾವಾಗ ಹೋಗ್ತೈತಿ, ಅದನ್ನರ ಲೆಕ್ಕಾ ಮಾಡಿ ಹೇಳ್ರಿ."

ಹಠ ಬಿಡುವವನಲ್ಲ ನಾನು. ಲೆಕ್ಕ ಮಾಡಿದೆ, ಉತ್ತರವೂ ಬಂದಿದೆ, ವರ್ಷಗಳಲ್ಲಿ. ಅವಳು ಕೇಳಿದಾಗಲೆಲ್ಲ, "ಇನ್ನೂ ಮಾಡಾಕತ್ತೇನಿ," ಎನ್ನುತ್ತಿದ್ದೇನೆ.