ವಾರ್ಸಾ ಅಂಕಲ್ ಟವರ್ ಹತ್ತಿದ್ದು

ಕೆಲವರ ಹಿಂದೆ ಬೀದಿನಾಯಿ ಬೀಳುತ್ತೆ, ಕೆಲವರ ಹಿಂದೆ ಇನ್ಶೂರೆನ್ಸ್ ಏಜೆಂಟ್ ಬೀಳ್ತಾನೆ. ನನ್ನ ಹಿಂದೆ ಬೀಳೋದು ಇಂಥ ಪ್ರಸಂಗಗಳು. ಸುಮ್ನೆ ಹಾಲು ತರೋಕೆ ಹೋದ್ರೂ ವಾಪಸ್ ಬರುವಾಗ ಒಂದು ಕಥೆ ಜೊತೇಲಿ ಬಂದಿರುತ್ತೆ. ಕಾಲೇಜು ಬಿಟ್ಟವನಿಗೆ ಇನ್ನೇನು ಕೆಲಸ ಅಂತಾರೆ ಸಿಡ್ನಿಯ ನಮ್ಮ ಟೂಂಗಾಬಿ ಏರಿಯಾದ ಆಂಟಿಯರು. ನಿಜ. ಅಲ್ಲೇ ಕೂತು ಅಕೌಂಟಿಂಗ್ ಓದಿದ್ರೆ ಇಷ್ಟೊತ್ತಿಗೆ ಯಾವುದೋ ಆಫೀಸಿನ ಬೇಸ್‌ಮೆಂಟಲ್ಲಿರ್ತಿದ್ದೆ. ಬಿಟ್ಟಿದ್ದಕ್ಕೇ ಇಷ್ಟು ಮೇಲಕ್ಕೆ ಹೋದೆ.

ನಾನಿರೋದು ಟೂಂಗಾಬಿಯ ಒಂದು ಮನೇಲಿ, ಹಿಂದಿನ ರೂಮಲ್ಲಿ. ಓನರ್ ಗಂಡ ಹೆಂಡ್ತಿ ನಮ್ಮವರೇ. ಒಬ್ರಿಗೆ ನಾರ್ವೆಸ್ಟಲ್ಲಿ ಆಫೀಸು, ಇನ್ನೊಬ್ರಿಗೆ ನಾರ್ತ್ ಸಿಡ್ನೀಲಿ, ಇಬ್ರೂ ಬೆಳಗ್ಗೆ ಹೋದ್ರೆ ಕತ್ತಲಾದ ಮೇಲೇ ದರ್ಶನ. ನಾನು ಫುಡ್ ಡೆಲಿವರಿ ಮಾಡೋನು, ಕೆಲಸ ಶುರುವಾಗೋದೇ ಸಾಯಂಕಾಲ. ಹೋದ ವರ್ಷ ಓನರ್ ಅಪ್ಪ ಅಮ್ಮ ಮೈಸೂರಿಂದ ವಿಸಿಟರ್ ವೀಸಾದಲ್ಲಿ ಬಂದ್ರು. ಹಗಲೆಲ್ಲ ಅವರಿಗೂ ಬೋರು, ನನಗೂ ಬೋರು. ಆಂಟಿ ಒಂದು ದಿನ ಬಾಗಿಲು ತಟ್ಟಿ ಹುರುಳಿಕಾಳು ಸಾರು ಕೊಟ್ರು. ಅವತ್ತೇ ಸಂಜೆಯೊಳಗೆ ನಾನು ಅವರ ಟೂರಿಸ್ಟ್ ಗೈಡ್ ಆಗಿದ್ದೆ.

ಕೋಲಿಗೆ ಸಿಗಿಸಿದ ಡಬ್ಬ

ಮೊದಲನೇ ದಿನ ಟ್ರೇನಲ್ಲಿ ಸಿಟಿಗೆ ಕರ್ಕೊಂಡು ಹೋದೆ. ಬಿಲ್ಡಿಂಗ್‌ಗಳ ನಡುವೆ ಸಿಡ್ನಿ ಟವರ್ ಬಿಸಿಲಿಗೆ ಚಿನ್ನದ ಥರ ಹೊಳೀತಿತ್ತು. ನಾನೇ ಕಟ್ಟಿಸಿದ ಹಾಗೆ ಎದೆ ಉಬ್ಬಿಸಿ ತೋರಿಸಿದೆ. ಅಂಕಲ್ ಕನ್ನಡಕ ಹಣೆಗೇರಿಸಿ ಒಂದು ಸಲ ನೋಡಿದ್ರು.

"ಏನಪ್ಪಾ ಇದು, ಕೋಲಿಗೆ ಡಬ್ಬ ಸಿಗಿಸಿದ್ದಾರೆ. ನೀನು ವಾರ್ಸಾದಲ್ಲಿ ನೋಡ್ಬೇಕು."

ಹೀಗೆ ವಾರ್ಸಾ ನನ್ನ ಬಾಳಿಗೆ ಬಂತು. ಅಂಕಲ್ ರಿಟೈರ್ಡ್ ಇಂಜಿನಿಯರ್. ಮದುವೆಗೆ ಮುಂಚೆ ಅವರ ಫ್ಯಾಕ್ಟರಿಯವರು ಟ್ರೈನಿಂಗಿಗೆ ಅಂತ ಪೋಲೆಂಡಿನ ವಾರ್ಸಾಗೆ ಕಳಿಸಿದ್ರಂತೆ. ಆ ಊರಿನ ನಟ್ಟ ನಡುವೆ ಕಮ್ಯುನಿಸ್ಟರ ಕಾಲದಲ್ಲಿ ಕಟ್ಟಿದ ಒಂದು ರಾಕ್ಷಸ ಬಿಲ್ಡಿಂಗ್. ಕೇಕಿನ ಮೇಲೆ ಕೇಕಿಟ್ಟ ಹಾಗೆ ಎದ್ದು, ತುದೀಲಿ ಈಟಿ. ಒಳಗೆ ಸಿನಿಮಾ, ನಾಟಕ, ಈಜುಕೊಳ, ಎಲ್ಲಾ. ಲಿಫ್ಟಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿರೋ ದಪ್ಪ ಹೆಂಗಸು, ಬಟನ್ ಒತ್ತೋದು ಅವಳೇ, ಸತ್ರೂ ನಗಲ್ಲ. ಮೇಲೆ ಹೋದ್ರೆ ಸುತ್ತಲೂ ವರಾಂಡ, ಟೋಪಿ ಹಾರಿಸೋ ಗಾಳಿ, ಕೆಳಗಡೆ ನದಿ ಸೀರೆಯ ಜರಿ ಅಂಚಿನ ಹಾಗೆ. ವಾಪಸ್ ಬರೋ ಟ್ರೇನಲ್ಲಿ ಇದನ್ನ ಕೇಳ್ತಿದ್ದ ನನಗೆ ಕೂತಲ್ಲೇ ಮೈ ಜುಮ್ಮಂತು. ಕಾಲೇಜಲ್ಲಿ ಯಾರಾದ್ರೂ ಹೀಗೆ ಪಾಠ ಮಾಡಿದ್ರೆ ನಾನ್ಯಾಕೆ ಬಿಡ್ತಿದ್ದೆ?

ಆಂಟಿ ಕಿಟಕಿ ಕಡೆ ತಿರುಗಿ ಕೂತಿದ್ರು. ಜರಿ ಅಂಚು ಬಂದಾಗ ಅವರ ತುಟಿಯೂ ಅಂಕಲ್ ಜೊತೆಗೇ ಅಲ್ಲಾಡಿದ್ದು ನನಗೆ ಗಾಜಲ್ಲಿ ಕಾಣಿಸ್ತು. ಅಂಕಲ್ ಟಿಕೆಟ್ ಕಾರ್ಡ್ ಹುಡುಕ್ತಾ ಇದ್ದಾಗ ಆಂಟಿ ನನ್ನ ಹತ್ರ ಹೇಳಿದ್ರು. ಮದುವೆ ಆದ ರಾತ್ರಿಯಿಂದ ಈ ಬಿಲ್ಡಿಂಗ್ ಕಥೆ ಕೇಳ್ತಿದ್ದಾರಂತೆ. ಆದ್ರೆ ಅವರನ್ನ ಮಾತ್ರ ಅಂಕಲ್ ಒಂದು ಮಾಳಿಗೆ ಮೇಲೂ ಕರ್ಕೊಂಡು ಹೋಗಿಲ್ಲ. ಮೈಸೂರಲ್ಲಿ ಮನೆ ಕೊಳ್ಳುವಾಗಲೂ ಗ್ರೌಂಡ್ ಫ್ಲೋರೇ ಬೇಕು ಅಂತ ಹಟ ಹಿಡಿದಿದ್ರಂತೆ.

"ಊರಿಗೆ ಹೋಗೋದ್ರೊಳಗೆ ಎಲ್ಲಾದ್ರೂ ಒಂದು ಎತ್ತರದ ಜಾಗದಲ್ಲಿ ಇವರ ಪಕ್ಕ ನಿಂತು ಒಂದು ಫೋಟೋ ತೆಗೆಸ್ಕೋಬೇಕು ಕಣೋ. ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಕು. ಅಷ್ಟು ಮಾಡಿಸು ಸಾಕು. ಆಪೆರಾ ಹೌಸ್ ನೀನೇ ಇಟ್ಕೋ."

ಮೇಲಿಂದ ಫೋನು

ಮುಂದಿನ ವಾರವೇ ಮೂವರೂ ಆ ಕೋಲಿನ ಡಬ್ಬಕ್ಕೆ ಹೊರಟ್ವಿ. ಬ್ಯಾಗ್ ಚೆಕ್ ಮಾಡೋ ಕಡೆ ನಿಂತು ಹೋಯ್ತು ಮೆರವಣಿಗೆ. ಆಂಟಿ ಬ್ಯಾಗಲ್ಲಿ ಪುಳಿಯೋಗರೆ, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ಒಂದು ಡಬ್ಬ ಕೋಡುಬಳೆ. ಸೆಕ್ಯೂರಿಟಿಯವನು ಕೋಡುಬಳೆ ಎತ್ತಿ ಲೈಟಿಗೆ ಹಿಡಿದು ಇದೇನು ಅಂದ. ನಾನು ಇಂಗ್ಲಿಷಲ್ಲಿ ವಿವರಿಸೋಕೆ ಪದ ಹುಡುಕೋದ್ರೊಳಗೆ ಆಂಟಿ ಅವನ ಕೈಗೇ ಒಂದಿಟ್ಟು ತಿನ್ನು ಅಂತ ಸನ್ನೆ ಮಾಡಿದ್ರು. ಅವನು ಕಚ್ಚಿದ ಸದ್ದಿಗೆ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದ್ರು. ಇನ್ನೊಂದು ತಗೊಂಡು ಅದನ್ನೂ ಚೆಕ್ ಮಾಡಿದ. ಎರಡೂ ಪಾಸು. ಆದ್ರೆ ರೂಲ್ಸ್ ರೂಲ್ಸೇ, ತಿಂಡಿ ಮೇಲಕ್ಕೆ ಬಿಡಲ್ಲ ಅಂದ.

ಅವನು ಹೇಳಿ ಮುಗಿಸೋಕೆ ಮುಂಚೆ ಅಂಕಲ್ ಬ್ಯಾಗ್ ತಗೊಂಡು ಬೆಂಚಿನ ಮೇಲೆ ಕೂತಾಗಿತ್ತು. ಅನ್ನ ಅನಾಥ ಬಿಟ್ಟು ಹೋಗೋಕಾಗುತ್ತಾ, ನೀವು ಹೋಗ್ಬನ್ನಿ, ನಾನು ವಾರ್ಸಾ ನೋಡಿದವನು ಅಂದ್ರು. ಆಂಟಿ ಸೀದಾ ಲಿಫ್ಟಿಗೆ ನಡೆದ್ರು.

ಮೇಲೆ ಬಾಗಿಲು ತೆರೆದ್ರೆ ಅಬ್ಬಬ್ಬಾ, ಇಡೀ ಸಿಡ್ನಿ ಕಾಲ ಕೆಳಗೆ. ಹಾರ್ಬರು, ಬ್ರಿಡ್ಜು, ಆಟದ ಸಾಮಾನಿನಂಥ ಫೆರ್ರಿಗಳು, ಅದರಾಚೆ ಸಮುದ್ರ. ಹೈಸ್ಕೂಲಿಂದ ಈ ದೇಶದಲ್ಲಿರೋ ನಾನೇ ಕೂಗಿಬಿಟ್ಟೆ. ಆಂಟಿ ನನ್ನ ಕೈ ಹಿಡ್ಕೊಂಡು ಸೆರಗು ಸೊಂಟಕ್ಕೆ ಸಿಗಿಸಿ ಒಂದು ಸುತ್ತು ಓಡಿಯೇ ಬಂದ್ರು. ಆಮೇಲೆ ದುರ್ಬೀನು ಕಂಡಿತು. ಟೂಂಗಾಬಿ ಯಾವ ಕಡೆ ಅಂತ ಕೇಳಿದ್ರು, ಪಶ್ಚಿಮಕ್ಕೆ ತಿರುಗಿಸಿ ಕೊಟ್ಟೆ. ಕಣ್ಣು ಕೀಳದೆ ನೋಡ್ತಾ ನಿಂತ್ರು. ಪಾಪ, ಅಂದ ನೋಡಿ ಮೈಮರೆತಿದ್ದಾರೆ ಅಂದ್ಕೊಂಡೆ.

"ಆ ಕಡೆ ಮೋಡ ಕಪ್ಪಾಗಿದೆ ಕಣೋ. ಬಟ್ಟೆ ಒಣಗಿಹಾಕಿ ಬಂದಿದ್ದೀನಿ. ಸೊಸೆಗೆ ಫೋನ್ ಮಾಡು."

ಮಾಡಿದೆ. ಅದು ಅವರು ಆಫೀಸಲ್ಲಿರೋ ಹೊತ್ತು ಅನ್ನೋದು ನಮ್ಮಿಬ್ಬರಿಗೂ ಹೊಳೀಲಿಲ್ಲ. ಸೊಸೆ ಅವತ್ತು ತಲೆನೋವು ಅಂತ ಆಫೀಸಿಂದ ಬೇಗ ಬಂದು ಮಲಗಿದ್ರಂತೆ, ಮನೇಲಿ ಯಾರಿಗೂ ಹೇಳಿರಲಿಲ್ಲ. ಬಟ್ಟೆ ತೆಗಿ ಅಂತ ಅತ್ತೆ ಫೋನ್ ಬಂದ ತಕ್ಷಣ ಬೆಚ್ಚಿಬಿದ್ದು, ನಾನು ಮನೇಲಿರೋದು ನಿಮಗೆ ಹೇಗೆ ಗೊತ್ತಾಯ್ತು ಅತ್ತೆ ಅಂದ್ರು.

"ಮೇಲಿಂದ ನೋಡ್ತಾ ಇದ್ದೀನಮ್ಮ," ಅಂದ್ರು ಆಂಟಿ.

ಅವತ್ತಿಂದ ಸೊಸೆ ಅಂಗಳದಲ್ಲಿ ಫೋನಲ್ಲಿ ಮಾತಾಡುವಾಗಲೂ ಒಂದು ಸಲ ಆಕಾಶ ನೋಡ್ತಾರೆ.

ಬಂಡೆಯಂಥ ಮೊಣಕಾಲು

ಫೋಟೋ ಆಗಲಿಲ್ಲವಲ್ಲ, ಅದಕ್ಕೆ ಬ್ರಿಡ್ಜ್ ಪಕ್ಕದ ಕಲ್ಲಿನ ಗೋಪುರಕ್ಕೆ ಕರ್ಕೊಂಡು ಹೋದೆ. ಅಲ್ಲಿ ಲಿಫ್ಟಿಲ್ಲ, ಮೆಟ್ಟಿಲು. ಮೊದಲನೇ ಮೆಟ್ಟಿಲಲ್ಲೇ ಅಂಕಲ್ ಮೊಣಕಾಲು ಹಿಡ್ಕೊಂಡ್ರು. ಹೋಗ್ಲಿ ಬಿಡಿ ಅಂತ ವಾಪಸ್ ಬಂದ್ವಿ. ಸ್ಟೇಷನ್‌ನಲ್ಲಿ ಟ್ರೇನ್ ಬಾಗಿಲು ಮುಚ್ಚೋ ಸದ್ದಾಯ್ತು ನೋಡಿ, ಎರಡೂ ಬ್ಯಾಗ್ ಹಿಡ್ಕೊಂಡು ಅಂಕಲ್ ಓಡಿದ ಓಟಕ್ಕೆ ಸ್ಕೂಲ್ ಮಕ್ಕಳೇ ದಾರಿ ಬಿಟ್ರು. ನಮಗೂ ಸೀಟು ಹಿಡಿದು ಕೂತಿದ್ರು. ಆಂಟಿ ಎದುರಿಗೆ ಕೂತು ಟೂಂಗಾಬಿ ಬರೋ ತನಕ ಆ ಮೊಣಕಾಲನ್ನೇ ನೋಡಿದ್ರು.

ನಿಜ ಗೊತ್ತಾಗಿದ್ದು ಶಾಪಿಂಗ್ ಸೆಂಟರಲ್ಲಿ. ಆಂಟಿ ತರಕಾರಿ ಆರಿಸ್ತಿದ್ರು, ನಾವಿಬ್ರೂ ಕಾರ್ ಪಾರ್ಕಿಗೆ ಅಂತ ಲಿಫ್ಟ್ ಹತ್ತಿದ್ವಿ. ಸುತ್ತ ಗಾಜಿನ ಲಿಫ್ಟದು. ಅದು ಅಲ್ಲಾಡಿದ್ದೇ ತಡ, ಅಂಕಲ್ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದು ವಿಷ್ಣು ಸಹಸ್ರನಾಮ ಶುರು ಮಾಡಿದ್ರು. ಬಾಗಿಲು ತೆರೆದ ಮೇಲೂ ಬಿಡಲಿಲ್ಲ. ಅಂಕಲ್, ಬಂತು ಅಂದೆ. ಎಷ್ಟು ಮೇಲೆ ಬಂದ್ವಿ ಅಂದ್ರು. ಒಂದೇ ಮಹಡಿ.

ಬೆಂಚಲ್ಲಿ ಕೂರಿಸಿ ಕಾಫಿ ಕೊಡಿಸಿದೆ. ಅರ್ಧ ಕಪ್ಪಾದ ಮೇಲೆ ಬಾಯಿ ಬಿಟ್ರು. ವಾರ್ಸಾ ಬಿಲ್ಡಿಂಗಿಗೆ ಪ್ರತಿ ಭಾನುವಾರ ಹೋಗಿದ್ದು ನಿಜವಂತೆ. ಆದ್ರೆ ಹೋಗಿದ್ದು ಕೆಳಗಡೆ ಕ್ಯಾಂಟೀನಿಗೆ. ಜೊತೆಯವರು ಮೇಲೆ ಹೋಗಿ ಬಂದು ಗಾಳಿ, ನದಿ, ಟೋಪಿ ಎಲ್ಲಾ ವರ್ಣಿಸ್ತಿದ್ರಂತೆ. ಇವರು ಬೀಟ್‌ರೂಟ್ ಸೂಪ್ ಕುಡೀತಾ ಕೇಳಿಸ್ಕೋತಿದ್ರಂತೆ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಹಾಗಾದ್ರೆ ಇಷ್ಟು ವರ್ಷ ಆಂಟಿಗೆ ಹೇಳಿದ್ದೆಲ್ಲ ಸುಳ್ಳಾ ಅಂತ ಕೇಳಿದೆ. ಅಂಕಲ್‌ಗೆ ನಿಜಕ್ಕೂ ಬೇಜಾರಾಯ್ತು.

"ಸುಳ್ಳು ಯಾಕೋ ಆಗುತ್ತೆ? ಹೋಗಿ ಬೇಕಾದ್ರೆ ನೋಡು, ನದಿ ಅಲ್ಲೇ ಇರುತ್ತೆ."

ಮೆಲ್ಬರ್ನ್

ಊರಿಗೆ ಹೊರಡೋ ಹಿಂದಿನ ವಾರ ಮೆಲ್ಬರ್ನಲ್ಲಿ ನೆಂಟರ ಗೃಹಪ್ರವೇಶ. ಮಗನಿಗೆ ರಜೆ ಸಿಗಲಿಲ್ಲ, ನಾನೇ ಕಾರಲ್ಲಿ ಕರ್ಕೊಂಡು ಹೋದೆ. ಆಂಟಿ ದಾರೀಲೇ ತೀರ್ಪು ಕೊಟ್ಟಾಗಿತ್ತು. ನಾಳೆ ಅಲ್ಲಿನ ದೊಡ್ಡ ಬಿಲ್ಡಿಂಗ್ ಮೇಲಕ್ಕೆ ಇವರು ಬರಲಿಲ್ಲ ಅಂದ್ರೆ ನನ್ನ ಜೊತೆ ಫೋಟೋ ತೆಗೆಸ್ಕೊಂಡು ಗ್ರೂಪಿಗೆ ಹಾಕ್ತಾರಂತೆ. ನಿಮ್ಮೆಜಮಾನ್ರೆಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಕೆಳಗಡೆ ಇದ್ದಾರೆ ಅಂತ ನಿಜಾನೇ ಹೇಳ್ತಾರಂತೆ. ಅಂಕಲ್ ಗೌಲ್ಬರ್ನ್ ಊರಿಂದ ಆಲ್ಬರಿ ಊರು ಬರೋ ತನಕ, ಅರ್ಧ ದಾರಿ, ಕಿಟಕಿಯಾಚೆ ಕುರಿ ಎಣಿಸಿದ್ರು.

ಆದ್ರೆ ಬಂದ್ರು. ಈ ಸಲ ಬ್ಯಾಗೂ ಇಲ್ಲ, ಮೆಟ್ಟಿಲೂ ಇಲ್ಲ, ನೆಪವೇ ಇಲ್ಲ. ಲಿಫ್ಟ್ ರಾಕೆಟ್ ಥರ ಎದ್ದಾಗ ನನ್ನ ಕಿವಿ ಪಟ್ ಅಂತು, ಅಂಕಲ್ ಒಳಗಡೆ ಏನೇನು ಪಟ್ ಅಂತೋ ಗೊತ್ತಿಲ್ಲ. ಮೇಲೆ ಬಾಗಿಲು ತೆರೀತು, ನದಿ, ಕ್ರಿಕೆಟ್ ಗ್ರೌಂಡು, ಸಮುದ್ರದ ಕೊಲ್ಲಿ, ಎಲ್ಲಾ ಒಂದೇ ಏಟಿಗೆ ಕಣ್ಣಿಗೆ ಬಿತ್ತು. ನಾನು ಕುಣಿದೇ ಬಿಟ್ಟೆ. ಆಂಟಿ ಗಾಜಿಗೆ ಮೂಗು ಒತ್ತಿ ನಿಂತ್ರು. ಅಂಕಲ್ ಲಿಫ್ಟಿಂದ ಇಳಿದು ಬೆನ್ನು ಒಳಗಡೆ ಗೋಡೆಗೆ ಹಚ್ಚಿದ್ರು, ಆಮೇಲೆ ಹಲ್ಲಿ ಥರ ಗೋಡೆ ಬಿಡದೆ ಪಕ್ಕಪಕ್ಕಕ್ಕೆ ಜರುಗ್ತಾ ಬಂದ್ರು. ಒಬ್ಬ ಸ್ಟಾಫ್ ಹುಡುಗಿ ಹುಷಾರಾಗಿದ್ದೀರಾ ಅಂತ ಕೇಳಿದ್ದಕ್ಕೆ, ಕಾಂಕ್ರೀಟ್ ಕ್ವಾಲಿಟಿ ನೋಡ್ತಿದ್ದೀನಿ ಅಂದ್ರು.

ಒಂದು ಮೂಲೇಲಿ ಗಾಜಿನ ಪೆಟ್ಟಿಗೆ ಇತ್ತು. ಬಿಲ್ಡಿಂಗಿಂದ ಹೊರಕ್ಕೆ ಚಾಚಿಕೊಂಡಿರುತ್ತೆ, ನೆಲವೂ ಗಾಜೇ, ಕಾಲ ಕೆಳಗೆ ನೇರ ರೋಡು. ಮುಂದೆ ಉದ್ದ ಕ್ಯೂ. ಫೋಟೋ ಇದರೊಳಗೇ ಅಂತ ಆಂಟಿ ಹೋಗಿ ನಿಂತ್ರು. ನಮ್ಮ ಸರದಿ ಬಂತು. ಆಂಟಿ ಫಳಫಳ ಹೊಳೀತಿದ್ದ ಆ ನೆಲ ನೋಡಿದ್ರು, ತಮ್ಮ ಚಪ್ಪಲಿ ನೋಡಿದ್ರು. ಅಷ್ಟು ಚೆನ್ನಾಗಿ ಒರೆಸಿಟ್ಟಿರೋ ನೆಲವನ್ನ ಚಪ್ಪಲಿ ಕಾಲಲ್ಲಿ ತುಳಿಯೋ ಜೀವ ಅಲ್ಲ ಅದು. ಹೊರಗಡೆ ಜೋಡಿಸಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದ್ರು. ಅವರನ್ನ ನೋಡಿ ಅಭ್ಯಾಸಬಲದಿಂದ ನಾನೂ ಶೂ ಬಿಚ್ಚಿದೆ.

ನಮ್ಮ ಹಿಂದೆ ಒಂದು ಚೈನೀಸ್ ಫ್ಯಾಮಿಲಿ. ಇದೇ ಇಲ್ಲಿನ ರೂಲ್ಸು ಅಂದ್ಕೊಂಡು ಅಜ್ಜಿಯಿಂದ ಮೊಮ್ಮಗು ತನಕ ಎಲ್ರೂ ಬಿಚ್ಚಿದ್ರು. ಅವರ ಹಿಂದಿನ ಬಿಳಿ ಗಂಡ ಹೆಂಡ್ತಿ ಬಗ್ಗಿ ಬೂಟಿನ ಲೇಸ್ ಬಿಚ್ಚೋಕೆ ಶುರು ಮಾಡಿದ್ರು. ಸ್ವಲ್ಪ ಹೊತ್ತಿಗೆ ಕ್ಯೂ ಪೂರ್ತಿ ಸಾಕ್ಸಲ್ಲಿ ನಿಂತಿದೆ. ಸ್ಟಾಫ್ ಹುಡುಗಿ ಬಂದು, ಯಾರು ಹೇಳಿದ್ದು ಅಂತ ಕೇಳಿದ್ರೆ ಎಲ್ರೂ ಮುಂದಿನವರ ಕಡೆ ಕೈ ತೋರಿಸ್ತಾರೆ. ಅವಳೂ ಒಂದು ಸಲ ತನ್ನ ಶೂ ನೋಡ್ಕೊಂಡ್ಳು.

ನಾನು ಅಂಕಲ್‌ನ ಕರೆಯೋಕೆ ತಿರುಗಿದ್ರೆ ಅವರ ಮುಖ ಬೆಳಗ್ತಾ ಇದೆ. ಗೋಡೆಗೆ ಒರಗಿ, ಆ ಚಪ್ಪಲಿ ಶೂಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಾರೆ.

"ನೀವು ಹೋಗ್ಬನ್ನಿ. ನಾನು ಚಪ್ಪಲಿ ಕಾಯ್ತೀನಿ."

ಆಗಲೇ ಬಿಸಿನೆಸ್ ಶುರುವಾಗಿತ್ತು. ಚೈನೀಸ್ ಅಜ್ಜಿ ಕೊಡೆ ಅವರ ಕೈಗೆ ಕೊಟ್ಟು ಹೋದ್ರು. ಬಿಳಿಯವನು ಬೂಟು ಎಲ್ಲಿಡಲಿ ಅಂತ ಕೇಳಿದ, ಅಂಕಲ್ ಸಾಲು ತೋರಿಸಿದ್ರು.

ಆಂಟಿ ಗಾಜಿನ ಪೆಟ್ಟಿಗೆಯೊಳಗಿಂದ ಇದನ್ನೆಲ್ಲ ನೋಡ್ತಾ ನಿಂತಿದ್ರು. ಆಯ್ತು, ಇವತ್ತು ಅಂಕಲ್‌ನ ಹರಕೊಂಡು ತಿಂತಾರೆ ಅಂದ್ಕೊಂಡೆ. ಅವರು ಹೊರಗೆ ಬಂದು ಅಂಕಲ್ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತ್ರು.

"ಎಷ್ಟು ಹೆದರಿಕೇರೀ ನಿಮಗೆ?"

ಅಂಕಲ್ ಒಂದು ಜೊತೆ ಚಪ್ಪಲಿ ಎತ್ತಿ ಸಾಲಿಗೆ ಜೋಡಿಸಿದ್ರು. "ತುಂಬಾ," ಅಂದ್ರು.

"ಗೊತ್ತು. ಚಾಮುಂಡಿ ಬೆಟ್ಟಕ್ಕೆ ಮೊದಲನೇ ಸಲ ಬಸ್ಸಲ್ಲಿ ಹೋದಾಗ್ಲೇ ಗೊತ್ತಾಯ್ತು. ಬಾಯಲ್ಲಿ ಒಂದು ಸಲ ಹೇಳ್ತೀರೇನೋ ಅಂತ ಇಷ್ಟು ವರ್ಷ ಕಾದೆ. ಸರೀರಿ ಆ ಕಡೆ."

ಅಂಕಲ್ ಸರಿದ್ರು. ಆಂಟಿ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು, ಸೆರಗು ಸರಿ ಮಾಡ್ಕೊಂಡು, ಫೋಟೋ ತೆಗಿಯೋ ಅಂದ್ರು. ಅಂಕಲ್ ಬೆನ್ನು ಗೋಡೆ ಬಿಡಲ್ಲ, ಆದ್ದರಿಂದ ಹಿಂದೆ ಸಿಟಿ ಇಲ್ಲ, ನದಿ ಇಲ್ಲ. ಬರೀ ಗೋಡೆ, ಮುಂದೆ ರಾಶಿ ಚಪ್ಪಲಿ, ಮಧ್ಯೆ ಇಬ್ರೂ ಹಲ್ಲು ಬಿಟ್ಟು ನಗ್ತಿದ್ದಾರೆ. ನಾನು ತೆಗೆದ ಫೋಟೋಗಳಲ್ಲೇ ಬೆಸ್ಟ್ ಅದು.

ಆಂಟಿ ಅಲ್ಲೇ ಕೂತು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಕೆಳಗೆ "ಮೆಲ್ಬರ್ನಿನಲ್ಲಿ ನಾವಿಬ್ಬರು, ಬಹಳ ಎತ್ತರದಲ್ಲಿ" ಅಂತ ಬರೆದ್ರು. ನಾವು ಶೂ ಹಾಕ್ಕೊಳ್ಳೋದ್ರೊಳಗೆ ಮೈಸೂರಿಂದ ಅಂಕಲ್ ತಂಗಿ ರಿಪ್ಲೈ ಬಂತು.

"ಎಷ್ಟೊಂದು ಚಪ್ಪಲಿ, ತುಂಬಾ ರಶ್ ಇರ್ಬೇಕು. ಯಾವ ದೇವರು? ಪ್ರಸಾದ ತರೋದು ಮರೀಬೇಡಿ."