ಓಬವ್ವನ ಕಣದಲ್ಲಿ ಸಮುದ್ರದ ಅಟ್ಟಣಿಗೆ

ದಾವಣಗೆರೆ, ೧೨ನೇ ಜನವರಿ ೧೯೬೬

ಮಾನ್ಯರಲ್ಲಿ ಮಾನ್ಯರೂ, ಕಬ್ಬಿಣಕ್ಕೆ ಕಾಲು ಬರಿಸಿದವರೂ ಆದ ಸಾಗರ ತೈಲ ಕಂಪನಿಯ ಮುಖ್ಯ ಇಂಜಿನಿಯರ್ ಸಾಹೇಬರಿಗೆ,

ದಾವಣಗೆರೆಯ ಚಪ್ಪರದ ಗುತ್ತಿಗೆದಾರ ಉಜ್ಜನಪ್ಪ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಅಟ್ಟಣಿಗೆಯಂತೂ ನಮಗಿಂತ ಗಟ್ಟಿಮುಟ್ಟಾಗಿದೆ.

ತಮಗೆ ಮರೆತಿರಬಹುದು. ಸಮುದ್ರದ ನಡುವೆ ನಿಂತು ಎಣ್ಣೆ ಬಾವಿ ಕೊರೆಯಬೇಕಾದ ಈ ನಾಲ್ಕು ಕಾಲಿನ ಮಹಾಕಾಯವನ್ನು ಹರಿಹರದ ಒಂದು ಷೆಡ್ಡಿನಲ್ಲಿ ತುಂಡುತುಂಡಾಗಿ ಮಾಡಿಸಿ, ರೈಲಿಗೆ ಹೇರುವ ಮುಂಚೆ ಒಮ್ಮೆ ನಿಲ್ಲಿಸಿ ನೋಡೋಣವೆಂದು, ಪಕ್ಕದ ಸಾರಥಿ ಊರಿನ ರೈತ ಹೆಂಗಸು ಓಬವ್ವನವರ ಕಣವನ್ನು ಹದಿನೈದು ದಿನದ ಮಟ್ಟಿಗೆ ಕೇಳಿ ಪಡೆದಿರಿ. ಕೆಲಸದವರು ಹತ್ತಿ ನಿಲ್ಲಲು ಬೊಂಬಿನ ಸಾರುವೆ ಕಟ್ಟಿಕೊಟ್ಟವನೂ, ಕೆಲಸ ಮುಗಿದ ಮೇಲೆ ಬಿಚ್ಚಿಕೊಂಡು ಹೋದವನೂ ನಾನೇ. ನಿಲ್ಲಿಸುವುದಕ್ಕೆ ಹನ್ನೆರಡು ಹಾಳೆ ನಕ್ಷೆಯಿತ್ತು. ಬಿಚ್ಚಿ ಇಳಿಸುವ ಹಾಳೆ ಯಾವುದು ಸ್ವಾಮಿ ಎಂದು ಕೇಳಿದ್ದಕ್ಕೆ ತಾವು ಹೊಟ್ಟೆ ಹಿಡಿದುಕೊಂಡು ನಕ್ಕು, ಮೊದಲು ನಿಲ್ಲಲಿ ಎಂದಿರಿ. ನಿಂತಿತು. ಆ ಸಂತೋಷದಲ್ಲಿ ತಮ್ಮವರು ಬೋಲ್ಟು ಹಾಕಬೇಕಾದಲ್ಲೆಲ್ಲ ಬೆಸುಗೆ ಹಾಕಿ, ಬುಡಕ್ಕೆ ಕಾಂಕ್ರೀಟನ್ನೂ ಸುರಿದುಬಿಟ್ಟರು. ಬಿಚ್ಚಲೂ ಆಗದೆ ಸಾಗಿಸಲೂ ಆಗದೆ ಅದು ಕಣದಲ್ಲೇ ನಿಂತು ನಾಲ್ಕು ತಿಂಗಳಾಯಿತು.

ನಮ್ಮದು ಸಣ್ಣ ಕಸುಬು. ಮೊದಲ ಗಳ ನೆಡುವ ಮುಂಚೆಯೇ ನಮ್ಮ ಮೇಸ್ತ್ರಿ ಮಕ್ತುಮ್ ಸಾಬ್ ಬಿಚ್ಚುವ ಯೋಚನೆ ಮಾಡಿ ಮುಗಿಸಿರುತ್ತಾರೆ: ಕೊನೆಗೆ ಕಟ್ಟಿದ ಗಂಟು ಮೊದಲು ಬಿಚ್ಚಬೇಕು, ಪ್ರತಿ ಗಂಟಿನ ತುದಿಯೂ ಕೈಗೆ ಸಿಗುವಂತೆ ಹೊರಗೇ ಇರಬೇಕು. ಇವತ್ತು ದಾವಣಗೆರೆಯಲ್ಲಿ ನೆಟ್ಟ ಗಳ ನಾಳೆ ಆನಗೋಡಿನ ಮದುವೆ ಮನೆ ಮುಂದೆ ನಿಲ್ಲಬೇಕಲ್ಲ! ತಾವು ಇಂಥ ಕ್ಷುಲ್ಲಕ ಚಿಂತೆಗಳನ್ನೆಲ್ಲ ಗೆದ್ದ ಮಹಾನುಭಾವರು.

ಓಬವ್ವನವರ ಮನೆಯ ಏಳು ಜನರ ಇಡೀ ವರ್ಷದ ಜೋಳ ಕೊಯ್ದು ಹೊಲದಲ್ಲಿ ಬಿದ್ದಿದೆ. ಇಲಿ, ಗಿಳಿ, ಗುಬ್ಬಿಗಳು ಪಂಕ್ತಿ ಕೂತು ಉಣ್ಣುತ್ತಿವೆ. ಊರಿನ ಬೇರೆ ಕಣಗಳಲ್ಲಿ ಅವರವರ ತೆನೆಯೇ ತುಂಬಿದೆ. ಕಣದ ನಡುವೆ ಒಂದು ಮೇಟಿಗಂಬ ನೆಟ್ಟು ಅದರ ಸುತ್ತ ಎತ್ತು ತಿರುಗಿಸಿ ಕಾಳು ಬಿಡಿಸುವುದು ನಮ್ಮ ಕಡೆಯ ಪದ್ಧತಿ. ತಾವು ಧಾರಾಳವಾಗಿ ನಾಲ್ಕು ನೆಟ್ಟುಕೊಟ್ಟಿರುವುದರಿಂದ, ಯಾವುದನ್ನು ಸುತ್ತಬೇಕೆಂದು ತಿಳಿಯದೆ ಎತ್ತುಗಳು ನಿಂತೇಬಿಟ್ಟಿವೆ. "ಏನ್ರಿ ಉಜ್ಜನಪ್ನೋರೆ, ನಿಮ್ಮ ಸಾಹೇಬ್ರು ಹೊಟ್ಟಿಗೆ ಏನ್ ತಿಂತಾರ್ರಿ? ಕಣ ಕೊಟ್ಟ ತಪ್ಪಿಗೆ ನನ್ ಮಕ್ಳು ಕಬ್ಬಿಣ ನೆಕ್ಕಬೇಕೇನು?" ಎಂದು ಓಬವ್ವನವರು ಸಂತೆಯಲ್ಲಿ ಎಲ್ಲರೆದುರು ಕೇಳಿದರು. ಸಾರುವೆ ಕಟ್ಟಿದ ಕೈ ನನ್ನದೇ ಆದ್ದರಿಂದ ನಾಚಿಕೆಯಿಂದ ಸತ್ತುಹೋದೆ.

ಆದಕಾರಣ ಅರಿಕೆ. ಅಟ್ಟಣಿಗೆ ಸಮುದ್ರಕ್ಕೆ ಹೋಗಲಾರದೆಂದ ಮೇಲೆ ಸಮುದ್ರವನ್ನೇ ಸಾರಥಿಗೆ ತರಿಸಿಕೊಡಬೇಕು. ಹರಿಹರದ ಸ್ಟೇಷನ್ನಿನ ತನಕ ರೈಲಿನಲ್ಲಿ ಬಂದರೆ ಸಾಕು, ಅಲ್ಲಿಂದ ಗಾಡಿ ನಾವು ಹೂಡುತ್ತೇವೆ. ಅದು ಕಷ್ಟವೆನಿಸಿದರೆ ಎತ್ತುಗಳಿಗೆ ಕಬ್ಬಿಣ ಹತ್ತುವ ತರಬೇತಿ ಕೊಡಿಸಿ, ಒಕ್ಕಣೆ ಮೇಲೆಯೇ ನಡೆಯಲಿ. ಇನ್ನೊಂದು ಸಂದೇಹ: ಇಂಥವೇ ಇಪ್ಪತ್ತನ್ನು ನೀರಿನಲ್ಲಿ ನಿಲ್ಲಿಸುತ್ತೀರಂತೆ. ಎಣ್ಣೆಯೋ ಅನಿಲವೋ ತೀರಿಹೋದ ದಿನ ಅವನ್ನು ಕೀಳುವವರು ಯಾರು? ಮೀನುಗಳಿಗೆ ಗುತ್ತಿಗೆ ವಹಿಸಿಯಾಗಿದೆಯೇ? ನಕ್ಷೆ ಬರೆಯುವಾಗಲೇ ಹದಿಮೂರನೆಯ ಹಾಳೆ ಬರೆದಿದ್ದರೆ ತಮ್ಮ ಪೆನ್ಸಿಲ್ ಸವೆದುಹೋಗುತ್ತಿತ್ತೇ ಸ್ವಾಮಿ?

ಇಂತಿ, ಮೇಲೆ ನೋಡಿ ನೋಡಿ ಕತ್ತು ಹಿಡಿದುಕೊಂಡಿರುವ
ತಮ್ಮ ವಿಶ್ವಾಸಿ,
ಉಜ್ಜನಪ್ಪ

ತಾ.ಕ.: ಇದನ್ನು ಅಂಚೆಗೆ ಹಾಕಲು ಹೊರಟಾಗ, ತಾವೇ ಜೀಪಿನಲ್ಲಿ ಸಾರಥಿಗೆ ಬಂದು, ಫೋಟೋ ತೆಗೆಸಿಕೊಳ್ಳಲು ಅಟ್ಟಣಿಗೆಯ ತುದಿಗೆ ಹತ್ತಿದ್ದೀರೆಂದೂ, ಓಬವ್ವನವರು ಏಣಿ ತೆಗೆದಿಟ್ಟಿದ್ದಾರೆಂದೂ ಸುದ್ದಿ ಬಂತು. ಹಾಗಾಗಿ ನಾನೇ ಸಾರಥಿಗೆ ಬಂದು, ಪತ್ರವನ್ನು ತಾವು ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳುಹಿಸುತ್ತಿದ್ದೇನೆ. ಜೊತೆಗೆ ಬಿಳಿ ಹಾಳೆ, ಪೆನ್ಸಿಲ್, ಎರಡು ರೊಟ್ಟಿ ಇವೆ. ಇಳಿಸುವ ನಕ್ಷೆ ಬರೆದು ಕೆಳಗೆ ಬಿಡಿ. ಮಕ್ತುಮ್ ಸಾಬ್ ನೋಡಿ ಸರಿಯೆಂದರೆ ಏಣಿ ಬರುತ್ತದೆ. ರೊಟ್ಟಿಯನ್ನು ನಿಧಾನವಾಗಿ ತಿನ್ನಿ. ಅದು ಓಬವ್ವನವರ ಮನೆಯಲ್ಲಿ ಉಳಿದಿದ್ದ ಹೋದ ವರ್ಷದ ಜೋಳದ ಕಡೆಯ ಹಿಟ್ಟು; ಮೂರನೆಯ ರೊಟ್ಟಿ ಬೇಕೆಂದರೆ ಅವರಿಗೆ ಕಣ ಬೇಕು.