ಡಿಕ್ಷನರಿಯ ವಾರಸಾ

ತಂದೆ ಸಾಯದೆ ಮಗನಿಗೆ ವಾರಸಾ ಆಗುವುದಿಲ್ಲವೆಂದು ೨೦೦೭ರಲ್ಲಿ ಹುಬ್ಬಳ್ಳಿಯ ಒಂದು ನಳದ ನೀರಿನ ಕಚೇರಿಯಲ್ಲಿ ಎಲ್ಲರೂ ನಂಬಿದ್ದರು.

ಅಲ್ಫಿಯಾ ಮಾತ್ರ ಆ ಬಗ್ಗೆ ಯೋಚಿಸಿರಲಿಲ್ಲ. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯಲು ಅವಳನ್ನು ಹಂಗಾಮಿಯಾಗಿ ತೆಗೆದುಕೊಂಡಿದ್ದರು. ಪ್ರೋಗ್ರಾಮ್ ಮಂಜೂರಾದರೆ ನೌಕರಿ ಕಾಯಂ, ಇಲ್ಲವಾದರೆ ಮನೆ. ಅವಳು ಪ್ರೋಗ್ರಾಮ್ ಬರೆಯುವ ಕಂಪ್ಯೂಟರ್ ಭಾಷೆಯಲ್ಲಿ ಡಿಕ್ಷನರಿ ಎಂಬ ಪಟ್ಟಿಯೊಂದು ಮೊದಲಿನಿಂದಲೇ ಇತ್ತು. ಊರಿನ ನಳಗಳನ್ನು ಅದರಲ್ಲಿ ತುಂಬಿಟ್ಟರೆ, ನಳದ ನಂಬರು ಕೇಳಿದಾಗ ಮನೆಯವರ ಹೆಸರು ಹೇಳುತ್ತಿತ್ತು. ಇಲ್ಲದ ನಂಬರು ಕೇಳಿದರೆ 'ಇಲ್ಲ' ಎಂದು ನಿಂತುಬಿಡುತ್ತಿತ್ತು. ನೇರವಾಗಿ 'ಇಲ್ಲ' ಎನ್ನುವುದು ಕಚೇರಿಯ ಪದ್ಧತಿಗೆ ವಿರುದ್ಧ. ಆದ್ದರಿಂದ ಅಲ್ಫಿಯಾ ಆ ಡಿಕ್ಷನರಿಗೆ ಒಬ್ಬ ಮಗನನ್ನು, ಅಂದರೆ ಅದರ ಗುಣಗಳನ್ನೇ ಪಡೆದ ಹೊಸ ಡಿಕ್ಷನರಿಯೊಂದನ್ನು, ಹುಟ್ಟಿಸಿ, ಇಲ್ಲದ ನಂಬರಿಗೆ 'ಪರಿಶೀಲನೆಯಲ್ಲಿದೆ' ಎನ್ನಲು ಕಲಿಸಿದಳು. ಟಿಪ್ಪಣಿಯಲ್ಲಿ "ಉಳಿದ ಗುಣಗಳೆಲ್ಲ ತಂದೆಯಿಂದ ವಾರಸಾ" ಎಂದು ಬರೆದಳು. ಅಲ್ಲಿಗೆ ಕೆಟ್ಟಿತು.

ಸೂಪರಿಂಟೆಂಡೆಂಟ್ ಬೀರಲಿಂಗಪ್ಪ ಚಷ್ಮಾ ಏರಿಸಿದರು. "ತಂದಿ ಯಾವಾಗ ತೀರಿಕೊಂಡರವಾ?"

"ತೀರಿಕೊಂಡಿಲ್ರಿ ಸಾಹೇಬ್ರ. ಗಟ್ಟಿ ಅದಾನ್ರಿ."

"ಇದ್ದಾಂವನ ಆಸ್ತಿ ಮಗಗ ಹೆಂಗ ಬರತೈತಿ? ನಮ್ಮಪ್ಪಗ ತೊಂಬತ್ತೊಂದು. ನಾ ಇನ್ನೂ ಕಾಯಾಕತ್ತೇನಿ. ನಿನ್ನ ಡಿಕ್ಷನರಿಗೇನ್ ಅಂಥಾ ಅವಸರ?"

"ಹಂಗಲ್ರಿ, ಇದರಾಗ ತಂದಿ ಇದ್ದಾಗನ..."

"ವಂಶಾವಳಿ ಐತೇನು?"

ಇತ್ತು. ಪ್ರೋಗ್ರಾಮಿನ ಜೊತೆಗೇ ಚಿತ್ರ ಬರೆದಿಟ್ಟಿದ್ದಳು. ಅಜ್ಜನ ಹೆಸರು ಕೇಳಿದರು. ಆ ಭಾಷೆಯಲ್ಲಿ ಎಲ್ಲಕ್ಕೂ ಮೂಲಪುರುಷ 'ವಸ್ತು'; ಅದನ್ನೇ ಹೇಳಿದಳು. ಅಡ್ಡಹೆಸರಿಲ್ಲದ್ದಕ್ಕೆ ಬೀರಲಿಂಗಪ್ಪ ಕೆಂಪು ಶಾಯಿಯ ಗುರುತು ಹಾಕಿದರು.

ಮರುದಿನ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು:

"ಸದರಿ ಡಿಕ್ಷನರಿಯು ಮೃತಪಟ್ಟಿದೆಯೆಂದು ಭಾವಿಸಿ ವಾರಸಾ ಮಾಡಲು ಉದ್ದೇಶಿಸಲಾಗಿದೆ. ತಕರಾರಿದ್ದವರು ಮೂವತ್ತು ದಿನಗಳೊಳಗೆ ಹಾಜರಾಗತಕ್ಕದ್ದು. ಮೃತರು ಸ್ವತಃ ಹಾಜರಾದಲ್ಲಿ ಗುರುತಿನ ಚೀಟಿ ಕಡ್ಡಾಯ."

ಯಾರೂ ಬರಲಿಲ್ಲ. ಗುಮಾಸ್ತ ಹನಮೇಶ ಮರಣದ ಕಾರಣ 'ವಯೋಸಹಜ' ಎಂದು ತುಂಬಿದ. ಇನ್ನು ಸಾಕ್ಷಿಯ ಸಹಿಯೊಂದು ಬಾಕಿ.

"ನೀನ ಹಾಕವಾ," ಎಂದ. "ಕಡೀಕ ನೋಡಿದಾಕಿ ನೀನ ಅಲ್ಲ?"

"ಅಣ್ಣಾರ, ಅಂವ ಈಗೂ ಕೆಲಸ ಮಾಡಾಕತ್ತಾನ್ರಿ."

"ಪಗಾರಕ್ಕ ಸಹಿ ಮಾಡ್ಯಾನೇನು? ಇಲ್ಲಲ್ಲ. ಹಂಗಾರ ಸತ್ತಾನ. ನಿನಗ ಕಾಯಂ ಆಗೂದೈತೋ ಇಲ್ಲೋ?"

ಅಲ್ಫಿಯಾ ಸಹಿ ಮಾಡಿದಳು.

ಪ್ರೋಗ್ರಾಮ್ ಮಂಜೂರಾಯಿತು, ಅವಳೂ ಕಾಯಂ ಆದಳು. ಮಾನಿಟರಿಗೆ ಹಾರ ಹಾಕಿ ಮೌನ ಆಚರಿಸಿದರು. ಮಗ ತಂದೆಯನ್ನು ಮೀರಿಸಿದನೆಂದು ಬೀರಲಿಂಗಪ್ಪ ಭಾಷಣದಲ್ಲಿ ಹೇಳಿದಾಗ ಅಲ್ಫಿಯಾ ಕೂಡ ಚಪ್ಪಾಳೆ ತಟ್ಟಿದಳು. ದಿವಂಗತರ ಪುಣ್ಯತಿಥಿಗೆ ಅಂದಿನಿಂದ ಅರ್ಧ ದಿನ ಸೂಟಿ.

ಮಗನಿಗೆ ಬರುತ್ತಿದ್ದುದು 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಮಾತು. ಉಳಿದ ಪ್ರತಿ ನಂಬರಿಗೂ ಹೆಸರು ಹೇಳುತ್ತಿದ್ದವನು ತಂದೆ.